ಕೈ ಮಾತ್ರ ಒಳಗೆ

"ಮಕ ಯಾಕ್ ತೋರುಸ್ತೀಯೇ ಮುಂಡೆ? ಕೈ ಕಾಣ್ಬೇಕು ಕೈ! ನಿನ್ ಮಕ ಯಾವನಿಗ್ ಬೇಕು?"

ಸೋಮಶೇಖರ ವನಜಮ್ಮನ ತಲೆ ಹಿಡಿದು ಕೆಳಕ್ಕೆ ಅಮುಕಿದ. ಎದುರಿಗಿದ್ದ ಸ್ಟೀಲ್ ಡಬ್ಬಿಯ ಹೊಳಪಿನಲ್ಲಿ ಅವಳ ಮುಖ ಮೂಡಿ, ಅವಳ ಹಣೆಗೆ ಕಟ್ಟಿದ್ದ ಕ್ಯಾಮೆರಾದೊಳಗೆ ಅದೇ ಬಿದ್ದಿತ್ತು. ಅವನು ಡಬ್ಬಿಗೆ ಬಟ್ಟೆ ಮುಚ್ಚಿದ.

"ಹೂಂ, ಲಟ್ಟಿಸು. ಮೊದ್ಲಿಂದ."

ಲಟ್ಟಿಸಿದ್ದನ್ನೆಲ್ಲ ಮತ್ತೆ ಉಂಡೆ ಕಟ್ಟಿ ವನಜಮ್ಮ ಮೊದಲಿಂದ ಶುರು ಮಾಡಿದಳು.

ಅಮೆರಿಕಾದಲ್ಲೋ ಎಲ್ಲೋ ಮನೆಗೆಲಸಕ್ಕೆ ಮಿಷನ್ ಆಳು ತಯಾರಾಗುತ್ತಿತ್ತು. ಹೆಚ್ಚುವುದು, ಬೇಯಿಸುವುದು, ಪಾತ್ರೆ ಬೆಳಗುವುದು, ಎಲ್ಲವನ್ನೂ ಅದು ಮನುಷ್ಯರ ಕೈ ನೋಡಿಯೇ ಕಲಿಯಬೇಕಂತೆ. ಆ ಕೈಗಳನ್ನು ಒದಗಿಸುವ ಕಾಂಟ್ರಾಕ್ಟು ತುಮಕೂರಿನ ಶಿರಾ ಗೇಟಿನಲ್ಲಿ ಆಫೀಸಿಟ್ಟುಕೊಂಡಿದ್ದ ಸೋಮಶೇಖರನಿಗೆ ಸಿಕ್ಕಿತ್ತು. ಊರಾಚೆಯ ಕಾಲೋನಿಯ ಹೊಗೆ ಹಿಡಿದ ಅಡುಗೆಮನೆಗಳು ವಿಡಿಯೋಗೆ ಆಗುವುದಿಲ್ಲವೆಂದು ಅವನು ಗುಬ್ಬಿಯ ಮಹಾದೇವಯ್ಯನ ಹೊಸ ಮನೆಯ ಅಡುಗೆಮನೆಯನ್ನೇ ಬಾಡಿಗೆಗೆ ಹಿಡಿದ. ವನಜಮ್ಮ ವಸಂತನರಸಾಪುರದ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದವಳು. ಅಲ್ಲಿಗೆ ಪಾತ್ರೆ ತೊಳೆಯುವ ಮಿಷನ್ ಬಂದು ಕೆಲಸ ಹೋಗಿತ್ತು. ಅವಳ ಜೊತೆಗಿದ್ದ ಮುನವ್ವರಾ ಬೀಡಿ ಕಟ್ಟಿ ಬೆನ್ನು ಬಾಗಿದವಳು. ಕೂಗಿದಲ್ಲಿಗೆ ಇಬ್ಬರೂ ಬಂದಿದ್ದರು.

ಮಹಾದೇವಯ್ಯನ ಹೆಂಡತಿ ಬಸವಲಿಂಗಮ್ಮ ಮೊದಲ ದಿನವೇ ಕಟ್ಟಳೆ ಹಾಕಿದ್ದಳು. ಹಿತ್ತಿಲ ಬಾಗಿಲಲ್ಲೇ ಬರಬೇಕು. ನೀರು ಬೇಕಾದರೆ ಹೊರಗೆ ಬಂದು ಬೊಗಸೆ ಒಡ್ಡಬೇಕು. ಬೇಯಿಸಿದ್ದನ್ನು ಒಂದು ಚೂರೂ ಬಾಯಿಗಿಡಬಾರದು.

"ಬಿಸಾಕೋದ್ ಯಾಕಮ್ಮಾರೆ? ನಮ್ ಐಕ್ಳಿಗಾದ್ರೂ ಒಯ್ತೀವಿ," ಎಂದಿದ್ದಳು ವನಜಮ್ಮ.

"ಒಯ್ದು? ನಮ್ಮನೆ ಚಪಾತಿನ ಬೀದೀಲಿ ಹಿಡ್ಕೊಂಡ್ ಹೋಗಿ, ಇವ್ರ ಅಡ್ಗೆಮನೇಗೆ ಅವ್ರನ್ನ ಬಿಟ್ಕೊಂಡವ್ರೆ ಅಂತ ಊರೆಲ್ಲ ಸಾರೋಕಾ? ಬಾನೀಗ್ ಹಾಕು. ಹಸ ತಿನ್ಲಿ."

ಹಸು ತಿನ್ನುತ್ತಿತ್ತು. ಬೆಳಗಿಂದ ಬರಿ ಹೊಟ್ಟೆಯಲ್ಲಿ ನಿಂತು ಸುಟ್ಟ ಬಿಸಿಬಿಸಿ ಚಪಾತಿಯನ್ನು ವನಜಮ್ಮ ತನ್ನ ಕೈಯಿಂದಲೇ ಬಾನಿಗೆ ಹಾಕುತ್ತಿದ್ದಳು. ಅದನ್ನೂ ಸೋಮಶೇಖರ ಬಿಡುತ್ತಿರಲಿಲ್ಲ. "ಬಿಸಾಕೋದೂ ಒಂದು ಕೆಲ್ಸನೇ, ಕ್ಯಾಮೆರಾ ಆಫ್ ಮಾಡ್ಬ್ಯಾಡ," ಎನ್ನುತ್ತಿದ್ದ. ಅವರು ಹೋದ ಮೇಲೆ ಬಸವಲಿಂಗಮ್ಮ ಅಡುಗೆಮನೆಗೆಲ್ಲ ಗಂಜಲ ಚಿಮುಕಿಸಿ, ಅದೇ ತವಾದಲ್ಲಿ ಮನೆಯವರಿಗೆ ರಾತ್ರಿಯ ಊಟ ಮಾಡುತ್ತಿದ್ದಳು.

ಆವತ್ತು ಪೂರಿ ಕರಿಯುವ ಕೆಲಸ. ಉಬ್ಬಿದ ಪೂರಿ ಒಡೆದು ಕಾದ ಎಣ್ಣೆ ವನಜಮ್ಮನ ಬಲಗೈ ಮೇಲೆ ಎಗರಿತು. "ಅಯ್ಯಪ್ಪಾ" ಎನ್ನಲು ಬಾಯಿ ತೆರೆದವಳ ಮುಂದೆ ಸೋಮಶೇಖರ ಬಂದು ತುಟಿಯ ಮೇಲೆ ಬೆರಳಿಟ್ಟ. ಸದ್ದಾದರೆ ವಿಡಿಯೋ ವೇಸ್ಟು. ಕರಿ, ಕರಿ ಎಂದು ಕೈಸನ್ನೆ ಮಾಡಿದ. ಅವಳು ತುಟಿ ಕಚ್ಚಿಕೊಂಡು ಕರಿದಳು. ಚರ್ಮ ಕಣ್ಣೆದುರೇ ಬೊಬ್ಬೆ ಏಳುತ್ತಿತ್ತು. ಕೊನೆಯ ಪೂರಿಯನ್ನೂ ಎತ್ತಿ ಹಾಕಿದಳು.

"ಸೂಪರ್!" ಎಂದ ಸೋಮಶೇಖರ. "ಒಂದ್ ಸಲಾನೂ ನಿಲ್ಲಿಸ್ಲಿಲ್ಲ ನೋಡು."

ಮಾರನೇ ದಿನ ಬೊಬ್ಬೆ ಎದ್ದ ಕೈಗೆ ಅರಿಶಿನ ಮೆತ್ತಿಕೊಂಡು ಬಂದಳು. ಅವನು ಕೈ ನೋಡಿ ಮುಖ ಕಿವುಚಿದ.

"ಥೂ, ಕೊಳ್ತ ಬದ್ನೇಕಾಯಿ ಆಗೈತಲ್ಲೇ. ಈ ಕೈ ನಡ್ಯಕಿಲ್ಲ. ಮನೀಗ್ ಹೋಗು. ಮುನವ್ವರಾ, ಕ್ಯಾಮೆರಾ ಬೆಲ್ಟ್ ಹಾಕ್ಕೋ. ಆ ತಲೆ ಬಟ್ಟೆ ಕಿತ್ತಾಕು ಮೊದ್ಲು, ಜಾರ್ತದೆ."

ಮುನವ್ವರಾ ತಲೆ ಮೇಲಿನ ದುಪಟ್ಟಾ ಗಟ್ಟಿಯಾಗಿ ಹಿಡಿದುಕೊಂಡಳು. ಅವನೇ ಎಳೆದು ಮೂಲೆಗೆ ಎಸೆದ.

ವನಜಮ್ಮ ಹೋಗಲಿಲ್ಲ. ಮುನವ್ವರಾ ಒಂದು ಸರದಿ ಚಪಾತಿ ಸುಟ್ಟು ಮುಗಿಸುವವರೆಗೂ ಕಾದು ನಿಂತು ಕೇಳಿದಳು. "ಸಾರ್, ನನ್ ಕೈ ಬ್ಯಾಡ ಅಂದ್ರೆ, ಇಷ್ಟ್ ದಿನ ಹಿಡ್ಕಂಡಿದ್ದನ್ನೆಲ್ಲ ಅಳ್ಸಾಕ್ಬುಡಿ."

"ಏನಂದೆ?"

"ನನ್ ಕೈ ಸಾರ್ ಅದು. ಅಳ್ಸಾಕಿ."

ಸೋಮಶೇಖರನಿಗೆ ನಗು ತಡೆಯಲಾಗಲಿಲ್ಲ. "ನಿಂದಾ? ಅವತ್ ಒಪ್ಪಿಗೆ ಅಂತ ಫೋನ್ ಮೇಲೆ ಬೆರಳೊತ್ತಿದ್ಯಲ್ಲ, ಅವತ್ತೇ ಅದು ಕಂಪ್ನೀದಾಯ್ತು ಕಣೇ. ನೀನ್ ಸತ್ ಮಣ್ಣಾದ್ರೂ ನಿನ್ ಕೈ ಅಲ್ಲಿ ಗೇಯ್ತಾ ಇರ್ತದೆ. ಕೂಲಿ ಕೇಳಲ್ಲ, ಕೂಳು ಕೇಳಲ್ಲ, ನಿನ್ನಂಗೆ ಬಾಯೂ ಮಾಡಲ್ಲ."

ಬಾಗಿಲಲ್ಲಿ ನಿಂತಿದ್ದ ಬಸವಲಿಂಗಮ್ಮನೂ ನಕ್ಕಳು.

ಒಲೆಯ ಪಕ್ಕದ ತಟ್ಟೆಯಲ್ಲಿ ಮುನವ್ವರಾ ಆಗಷ್ಟೇ ಸುಟ್ಟಿದ್ದ ಚಪಾತಿಗಳಿದ್ದವು. ವನಜಮ್ಮ ತಟ್ಟೆಯನ್ನೇ ಎತ್ತಿಕೊಂಡಳು. ಹಿತ್ತಿಲ ಕಡೆ ತಿರುಗಲಿಲ್ಲ. ಊಟದ ಟೇಬಲ್ಲು ದಾಟಿ, ನಡುಮನೆ ದಾಟಿ, ಮುಂಬಾಗಿಲ ಹೊಸ್ತಿಲು ದಾಟಿ, ಬೀದಿಗೆ ಕಾಣುವ ಮೆಟ್ಟಿಲ ಮೇಲೆ ಕುಕ್ಕರಿಸಿ ಕೂತು, ಸುಟ್ಟ ಕೈಯಲ್ಲೇ ಚಪಾತಿ ಮುರಿದು ಬಾಯಿಗಿಟ್ಟುಕೊಂಡಳು.

"ಏಯ್! ಎದ್ದೇಳೇ ಬೇವರ್ಸಿ!" ಬಸವಲಿಂಗಮ್ಮ ಓಡಿಬಂದಳು. ಮುಟ್ಟಿ ಎಬ್ಬಿಸುವಂತಿಲ್ಲ. ಕೂಗುವಂತೆಯೂ ಇಲ್ಲ, ಎದುರಿಗೆ ಸ್ಕೂಟರ್ ನಿಂತಿತ್ತು. ಮೇಲಿದ್ದವರು ಮಠದ ಲೆಕ್ಕಪತ್ರ ನೋಡುವ ರುದ್ರಯ್ಯ.

"ಯಾರಮ್ಮ ಇವ್ಳು?"

"ಯಾವ್ದೋ ಭಿಕ್ಷದ್ದು ಸ್ವಾಮಿ. ಹಸ್ದಿದ್ಳು ಅಂತ ಕೊಟ್ವಿ," ಎಂದಳು ಬಸವಲಿಂಗಮ್ಮ, ಮುಖದ ತುಂಬ ನಗು ತಂದುಕೊಂಡು.

ವನಜಮ್ಮ ಬಾಯಲ್ಲಿದ್ದದ್ದನ್ನು ನುಂಗಿದಳು. "ಭಿಕ್ಷದೋಳಲ್ಲ ಬುದ್ಧಿ. ಕಾಲೋನಿಯೋಳು. ಈ ಮನೆ ಒಲೆ ಮುಂದೆ ನಿಂತು ಬೇಯ್ಸೋಳು ನಾನೇಯ. ಈ ಅಮ್ಮಾರು ಅದೇ ತವಾದಲ್ಲಿ ಮನೀಗ್ ಬಂದೋರ್ಗೆಲ್ಲ ಸುಟ್ಟಾಕ್ತಾರೆ."

ರುದ್ರಯ್ಯನ ಮುಖ ಕಪ್ಪಿಟ್ಟಿತು. "ಮೊನ್ನೆ ನಾನು ಇಲ್ಲೇ ಉಂಡ್ನಲ್ಲಮ್ಮ!"

"ಸುಳ್ಳು ಸ್ವಾಮಿ, ಸುಳ್ಳು!" ಒಳಗಿಂದ ಬಂದ ಸೋಮಶೇಖರ ಕೈ ಮುಗಿದ. "ಇವ್ಳನ್ನ ನಾವ್ ನೋಡೇ ಇಲ್ಲ. ತಲೆ ಕೆಟ್ಟೋಳು."

"ವಿಡಿಯೋ ತೋರ್ಸು," ಎಂದಳು ವನಜಮ್ಮ.

"ಯಾವ್ ವಿಡಿಯೋ? ಎಲ್ಲೈತೆ ನಿನ್ ಮಕ?"

ಅದು ನಿಜ. ಸಾವಿರ ಚಪಾತಿ ಲಟ್ಟಿಸಿದ್ದರೂ ಅವಳ ಮುಖ ಎಲ್ಲೂ ಇರಲಿಲ್ಲ. ಡಬ್ಬಿಯಲ್ಲಿ ಬಿದ್ದಿದ್ದನ್ನೂ ಅವನು ಅವತ್ತೇ ಅಳಿಸಿದ್ದ. ರುದ್ರಯ್ಯ ಒಮ್ಮೆ ಅವಳನ್ನು, ಒಮ್ಮೆ ಬಸವಲಿಂಗಮ್ಮನನ್ನು ನೋಡಿದರು.

ಆಗ ಮುಂಬಾಗಿಲಲ್ಲಿ ಮುನವ್ವರಾ ಕಾಣಿಸಿಕೊಂಡಳು. ಎಸೆದಿದ್ದ ದುಪಟ್ಟಾವನ್ನು ಮತ್ತೆ ತಲೆಗೆ ಸುತ್ತಿಕೊಂಡಿದ್ದಳು. ಮೊಳಕೈವರೆಗೂ ಹಿಟ್ಟು.

"ಒಳೀಕ್ ಹೋಗೇ!" ಬಸವಲಿಂಗಮ್ಮ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಕೈ ಮುಗೀತೀನಿ, ಒಳೀಕ್ ಹೋಗೇ..."

ಮುನವ್ವರಾ ಹೊಸ್ತಿಲು ದಾಟಿ ಬಂದು ವನಜಮ್ಮನ ಪಕ್ಕ ಕೂತಳು. ರುದ್ರಯ್ಯ ಗಂಟಲಿಗೆ ಬೆರಳು ಹಾಕಿಕೊಂಡು ಚರಂಡಿಯ ಅಂಚಿಗೆ ಬಗ್ಗಿದರು.

"ನಂಗೂ ಒಂದ್ ಕೊಡಕ್ಕ," ಎಂದಳು ಮುನವ್ವರಾ.