ಅರಾಲಿ ಎಂದರೆ ಯಾವ ಅರಾಲಿ?

ಈ ಕಥೆ ಹೇಳಹೊರಟದ್ದಕ್ಕೆ ಮೊದಲೇ ಕ್ಷಮೆ ಇರಲಿ. ಕಂಪ್ಯೂಟರ್ ಬಲ್ಲವರು ಓದಿದರೆ ಯಂತ್ರದ ವಿಷಯದಲ್ಲಿ ತಪ್ಪು ಸಿಕ್ಕೀತು. ಟೋರೊ ನಾಡಿನ ಹಿರಿಯರು ಓದಿದರೆ ಹೆಸರಿಡುವ ಶಾಸ್ತ್ರದಲ್ಲಿ ತಪ್ಪು ಸಿಕ್ಕೀತು. ಎರಡನ್ನೂ ಅರ್ಧಂಬರ್ಧ ತಿಳಿದವರು ಸುಮ್ಮನಿರುವುದೇ ಲೇಸೆಂದು ಎಷ್ಟೋ ಕಾಲ ತಡೆದುಕೊಂಡದ್ದೂ ಆಯಿತು. ಆದರೆ ಕಬೊನೇಸಳ ಆ ಶನಿವಾರವನ್ನು ನೆನೆದರೆ ನಗು ಉಕ್ಕಿ ಬರುತ್ತದೆ. ಒಳಗೇ ಇಟ್ಟುಕೊಂಡಿರುವುದು ಕಷ್ಟ.

ಕಬೊನೇಸ ಟೋರೊ ನಾಡಿನ ಫೋರ್ಟ್ ಪೋರ್ಟಲ್ ಊರಿನ ದಿಬ್ಬದ ಮೇಲಿದ್ದ ಪುಟ್ಟ ರೇಡಿಯೊ ಕೇಂದ್ರದಲ್ಲಿ ಪ್ರಕಟಣೆ ಬರೆದುಕೊಳ್ಳುವವಳು. ಯಾರ ಸಾವು, ಯಾರ ಮದುವೆ, ಯಾರ ಹಸು ತಪ್ಪಿಸಿಕೊಂಡಿದೆ ಎಂದು ಜನ ಬಂದು ಹೇಳಿದ್ದನ್ನು ಬರೆದು ಸ್ಟುಡಿಯೊಗೆ ಕೊಡಬೇಕು. ಸಂಜೆ ಕಂಪ್ಯೂಟರ್ ತರಗತಿಗೆ ಹೋಗುತ್ತಿದ್ದಳು. ಕಲಿತದ್ದು ತಲೆಗೆ ಹತ್ತಿದೆ ಎಂದು ನಂಬುವ ಧೈರ್ಯ ಮಾತ್ರ ಇನ್ನೂ ಬಂದಿರಲಿಲ್ಲ.

ಆ ಬೆಳಿಗ್ಗೆ ಕೇಂದ್ರದ ಹಾಡುಗಳನ್ನೆಲ್ಲ ಹೊತ್ತಿದ್ದ ಸರ್ವರ್ ಕೈಕೊಟ್ಟಿತು. ಯಾರೋ ಹಿಂದೆ ಅದಕ್ಕೆ ಯಾವುದೋ ಸಿಸ್ಟಮ್ಮಿನ ಕದ್ದ ಪ್ರತಿ ತುಂಬಿದ್ದರು. ಬಂದವರ ಹೋದವರ ಪೆನ್‌ಡ್ರೈವಿನ ವೈರಸ್ಸೆಲ್ಲ ಅದರ ಹೊಟ್ಟೆ ಸೇರಿತ್ತು. ಒಬ್ಬ ಪಾದ್ರಿಯ ಸಾವಿನ ಸುದ್ದಿ ಓದುತ್ತಿರುವಾಗ ನಡುವೆ ಒಂದು ಕುಣಿತದ ಹಾಡು ಹಾಕಿ, ಪರದೆ ಕಪ್ಪು ಮಾಡಿಕೊಂಡು ಕೂತುಬಿಟ್ಟಿತು.

ಯಜಮಾನ ರುಸೋಕೆ ಕೆಂಡವಾದ. "ಸಾಕು! ಇವತ್ತು ಸಂಜೆ ನಾಲ್ಕರೊಳಗೆ ಇದು ಸರಿ ಹೋಗ್ಬೇಕು. ಇಲ್ಲಾಂದ್ರೆ ಕಂಪಾಲಾದಿಂದ ರೆಡಿಮೇಡ್ ಕಾರ್ಯಕ್ರಮ ತಗೊಂಡು ಹಾಕ್ತೀನಿ. ನಮಸ್ಕಾರ ಗಿಮಸ್ಕಾರ ಎಲ್ಲ ಇವತ್ತಿಗೇ ಬಂದ್."

ನಾಲ್ಕು ಗಂಟೆಗೆ ಬರುತ್ತಿದ್ದದ್ದು ನಮಸ್ಕಾರದ ಕಾರ್ಯಕ್ರಮ. ಟೋರೊದಲ್ಲಿ ಯಾರೂ ಯಾರನ್ನೂ ಬರಿಯ ಹೆಸರಿನಿಂದ ಮಾತಾಡಿಸುವುದಿಲ್ಲ. ಸ್ವಂತ ಹೆಸರಿನ ಜೊತೆಗೆ ಪ್ರತಿಯೊಬ್ಬರಿಗೂ ಒಂದು ಮುದ್ದಿನ ಹೆಸರು, ಎಂಪಾಕೊ, ಇರುತ್ತದೆ. ಇಡೀ ನಾಡಿಗೆ ಇರುವುದು ಹನ್ನೊಂದೋ ಹನ್ನೆರಡೋ ಹೆಸರು. ಎಲ್ಲರೂ ಅವನ್ನೇ ಹಂಚಿಕೊಂಡು ಬಾಳುತ್ತಾರೆ. ಚಹಾ ತೋಟದಲ್ಲಿರುವ ಅಬ್ವೋಲಿಗೆ ಸಂತೆಯಲ್ಲಿರುವ ಅಕೀಕಿಯ ನಮಸ್ಕಾರವನ್ನು ರೇಡಿಯೊದಲ್ಲಿ ತಲುಪಿಸುವುದೇ ಆ ಕಾರ್ಯಕ್ರಮ. ಕಬೊನೇಸ ಅಮ್ಮನ ಬೆನ್ನಿಗೆ ಕಟ್ಟಿಸಿಕೊಂಡಿದ್ದಾಗಿನಿಂದ ಅದನ್ನು ಕೇಳಿದ್ದವಳು. ಅದು ನಿಂತುಹೋಗುತ್ತದೆ ಎಂದದ್ದೇ ತಡ, ಅವಳ ಬಾಯಿ ಅವಳನ್ನು ಕೇಳದೆ ತೆರೆದುಕೊಂಡಿತು.

"ನಾನು ಹಾಕ್ತೀನಿ, ಅಮೂಟಿ. ಬೇರೆ ಸಿಸ್ಟಮ್ಮು. ಲಿನಕ್ಸು. ಅದಕ್ಕೆ ಕಾಸೂ ಬೇಡ, ಕದಿಯೋದೂ ಬೇಡ. ಹಾಡಿಂದೆಲ್ಲ ಇನ್ನೊಂದು ಪ್ರತಿ ಬೇರೆ ಡಿಸ್ಕಲ್ಲಿದೆ," ಎಂದಳು ಯಜಮಾನನನ್ನು ಅವನ ಎಂಪಾಕೊದಿಂದ ಕರೆದು.

ಎಲ್ಲರೂ ಅವಳತ್ತ ತಿರುಗಿದರು. ಅವಳೂ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ಹೇಳಿದರೇನೋ ಎಂಬಂತೆ.

"ಯಾವ್ದು ಹಾಕ್ತೀಯಾ?" ಎಂದವನು ಟಿಂಕಸೀಮಿರೆ. ನಮಸ್ಕಾರದ ಕಾರ್ಯಕ್ರಮ ನಡೆಸುವವನು. ಪಿಸುಗುಟ್ಟಿದರೂ ಮೂರು ಮನೆಗೆ ಕೇಳಿಸುವ ಗಂಟಲು.

"ಉಬುಂಟು ಅಂತ, ಅಕೀಕಿ."

"ಒಬುಂಟು! ನಮ್ಮ ಮಾತಲ್ಲಿ ಅಂದ್ರೆ ಚಿಲ್ಲರೆ ಸಾಮಾನು! ಇಷ್ಟು ದೊಡ್ಡ ಪೆಟ್ಟಿಗೆಗೆ ಚಿಲ್ಲರೆ ಸಾಮಾನು ತುಂಬ್ತೀಯೇನಮ್ಮಾ?"

"ಅದು ದಕ್ಷಿಣದೋರ ಮಾತು. ಮನುಷ್ಯತ್ವ ಅಂತ ಅರ್ಥ."

"ಹಾಗಾದ್ರೆ ತುಂಬು ತುಂಬು. ಈ ಆಫೀಸಲ್ಲಿ ಅದೇ ಕಮ್ಮಿ ಇರೋದು," ಎಂದು ಅವನು ಯಜಮಾನನ ಕಡೆ ನೋಡದೆ ಹೇಳಿದ.

ಕಬೊನೇಸ ತರಗತಿಯಿಂದ ತಂದಿದ್ದ ಪೆನ್‌ಡ್ರೈವ್ ಚುಚ್ಚಿ ಕೂತಳು. ಪರದೆ ಬೆಳಗಿತು; ಯಂತ್ರ ಒಂದೊಂದಾಗಿ ಪ್ರಶ್ನೆ ಕೇಳತೊಡಗಿತು. ಯಾವ ಭಾಷೆ? ತಮ್ಮ ನಾಡಿನ ರುಟೋರೊ ಇರಲಿಲ್ಲ, ಇಂಗ್ಲಿಷ್ ಒತ್ತಿದಳು. ಯಾವ ಊರಿನ ಗಡಿಯಾರ? ಕಂಪಾಲಾ. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ? ಅವಳ ಬೆರಳು ಗಾಳಿಯಲ್ಲೇ ನಿಂತಿತು. ಎದ್ದುಹೋಗಿ ಹಾಡುಗಳ ಪ್ರತಿ ಇದೆಯೇ ನೋಡಿ ಬಂದಳು. ಕೂತಳು. ಮತ್ತೆ ಎದ್ದು ನೋಡಿ ಬಂದಳು. ಮೂರನೆಯ ಸಲ ಎದ್ದಾಗ ಟಿಂಕಸೀಮಿರೆ ಅವಳ ಭುಜ ಹಿಡಿದು ಕೂರಿಸಿ, "ಹಾಡಿಗೆ ಕಾಲಿಲ್ಲ, ಓಡಿಹೋಗಲ್ಲ. ಒತ್ತು!" ಎಂದ. ಕಣ್ಣು ಮುಚ್ಚಿ ಒತ್ತಿದಳು. ಏನೂ ಸಿಡಿಯಲಿಲ್ಲ.

ಆಮೇಲೆ ಬಂತು ಆ ಪ್ರಶ್ನೆ. ಈ ಕಂಪ್ಯೂಟರಿನ ಹೆಸರೇನು?

ಅವಳು "ಸರ್ವರ್" ಎಂದು ಬರೆಯುವುದರಲ್ಲಿದ್ದಳು. ಅಷ್ಟರಲ್ಲಿ ಕೇಂದ್ರದ ಅಡುಗೆಯ ಕೀಜಾ ಅಜ್ಜಿ ಚಹಾ ತಂದಳು. ಯಜಮಾನನನ್ನೂ ಗದರಿಸುವ ಹಕ್ಕಿದ್ದದ್ದು ಅವಳೊಬ್ಬಳಿಗೇ.

"ಏನು ಕೇಳ್ತಿದೆ ಅದು?"

"ನನ್ನ ಹೆಸರೇನು ಅಂತ, ಅಜ್ಜಿ."

"ಪಾಪ! ಹೆಸರು ಕೇಳ್ಕೊಂಡು ಕೂತಿದ್ಯಾ? ಮತ್ತೆ ನೀನು ಏನೋ ಒಂದು ಗೀಚ್ತಿದ್ಯಲ್ಲೇ ಅಬ್ವೋಲಿ! ಮನೇಲಿ ಇರೋ ಜೀವಕ್ಕೆ ಎಂಪಾಕೊ ಇಲ್ದಿದ್ರೆ ಅದನ್ನ ಹೇಗೆ ಮಾತಾಡಿಸೋದು? ಅದಕ್ಕೇ ಕಣೇ ಹಿಂದಿಂದು ಕೆಟ್ಟಿದ್ದು. ಯಾರೂ ಪ್ರೀತಿಯಿಂದ ಕರೀಲಿಲ್ಲ."

ಕಬೊನೇಸ ಗಡಿಯಾರ ನೋಡಿದಳು. ಅಜ್ಜಿ ಆಗಲೇ ಕುಕ್ಕರಗಾಲಲ್ಲಿ ಕೂತು ಸರ್ವರಿನ ಮುಖ ಪರೀಕ್ಷಿಸುತ್ತಿದ್ದಳು. ಮಗುವಿನ ಮುಖ ಯಾರನ್ನು ಹೋಲುತ್ತದೆಂದು ಅತ್ತೆಯರು ನೋಡಿಯೇ ಎಂಪಾಕೊ ಇಡುವುದು ರೂಢಿ.

"ಮೂಗಿಲ್ಲ," ಎಂದಳು ಅಜ್ಜಿ. "ಕಣ್ಣು ಹಸಿರು, ಮಿಟುಕಿಸ್ತಾನೆ. ಹೊಟ್ಟೆ ಬಿಸಿ. ಒಂದೇ ಸಮ ಗುರ್ ಅಂತಾನೆ. ಅಯ್ಯೋ, ಇದು ನಮ್ಮಣ್ಣನೇ ಕಣ್ರೋ! ಊಟ ಆದ್ಮೇಲೆ ಹೀಗೇ ಗೊರಕೆ ಹೊಡೀತಿದ್ದ. ಅರಾಲಿ. ಇವನು ಅರಾಲಿ."

"ಅರಾಲಿ!" ಎಂದು ಟಿಂಕಸೀಮಿರೆ ಗುಡುಗಿದ. ಅಜ್ಜಿ ಒಳಗೋಡಿ ಬುಟ್ಟಿಯಲ್ಲಿ ರಾಗಿ ಮುದ್ದೆ, ಹೊಗೆಯಲ್ಲಿ ಒಣಗಿಸಿದ ಮೀನಿನ ಸಾರು ತಂದಳು. ಮುದ್ದೆ ಮುರಿದು ತಿನ್ನದೆ ಹೆಸರು ನಿಲ್ಲುವುದಿಲ್ಲ. ಬೈಯಲೆಂದು ಬಂದ ರುಸೋಕೆಯ ಬಾಯಿಗೂ ಒಂದು ತುತ್ತು ಬಿತ್ತು. ಬೈಗುಳ ಅದರ ಜೊತೆಗೇ ಇಳಿದುಹೋಯಿತು. ಕಬೊನೇಸ ಎಡಗೈಯಲ್ಲಿ "ಅರಾಲಿ" ಎಂದು ಬರೆದಳು.

ಮಧ್ಯಾಹ್ನದ ಹೊತ್ತಿಗೆ ವ್ಯವಸ್ಥೆ ಕೂತಿತು, ಹಾಡುಗಳು ಏರಿದವು. ಸ್ಟುಡಿಯೊದ ಯಂತ್ರಕ್ಕೆ "ಹಾಡು ಬೇಕಾದಾಗ ಅರಾಲಿಯನ್ನು ಕೇಳು" ಎಂದು ಹೇಳಿಕೊಟ್ಟದ್ದೂ ಆಯಿತು. ಅವಳಿಗೆ ತನ್ನ ಕೈಯೇ ತನ್ನದೆಂದು ನಂಬಿಕೆ ಬರಲೊಲ್ಲದು. ಟಿಂಕಸೀಮಿರೆ ಕಾರ್ಯಕ್ರಮದ ಹಾಡು ಒತ್ತಿ ನೋಡಿದ. ಕೊಳಲು ಬರಬೇಕಾದಲ್ಲಿ ಗಂಡಸೊಬ್ಬನ ದನಿ ಬಂತು:

"ಹಂದಿ ಸಾಕುವವರೇ, ನಿಮ್ಮ ಹಂದಿ ನಗುತ್ತಿದೆಯೇ?"

ಎಲ್ಲರೂ ಮುಖ ಮುಖ ನೋಡಿಕೊಂಡರು. ಮತ್ತೆ ಒತ್ತಿದ. ಕೊಳಲು ಬಂತು. ಇನ್ನೊಮ್ಮೆ ಒತ್ತಿದ. "ನಿಮ್ಮ ಹಂದಿ ನಗುತ್ತಿದೆಯೇ?"

"ನಿನ್ನ ಮನುಷ್ಯತ್ವಕ್ಕೆ ಹಂದಿ ಮೇಲೆ ಯಾಕಮ್ಮಾ ಇಷ್ಟು ಪ್ರೀತಿ?" ಎಂದ ಟಿಂಕಸೀಮಿರೆ. ಅಜ್ಜಿ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ರುಸೋಕೆ ನಗಲಿಲ್ಲ; ಫೋನು ಕೈಗೆತ್ತಿಕೊಂಡು, "ಕಂಪಾಲಾಗೆ ಮಾಡ್ಲಾ?" ಎಂದ.

"ಸ್ವಲ್ಪ ತಾಳಿ, ಅಮೂಟಿ," ಎಂದಳು ಕಬೊನೇಸ. ಹಂದಿ ಜಾಹೀರಾತು ಅವಳು ಏರಿಸಿದ ಹಾಡುಗಳಲ್ಲಿ ಇರಲೇ ಇಲ್ಲ. ಆದರೂ ತಪ್ಪು ತನ್ನದೇ ಇರಬೇಕು ಎಂದುಕೊಂಡು ಸರ್ವರಿನ ಬೆನ್ನಿನ ತಂತಿಯನ್ನು ಕಿತ್ತಳು. ಸ್ಟುಡಿಯೊದ ಯಂತ್ರದಿಂದ ಅರಾಲಿಯನ್ನು ಕರೆದು ನೋಡಿದಳು.

ಅರಾಲಿ ಓಗೊಟ್ಟ.

ಕಿತ್ತ ತಂತಿ ಅವಳ ಕೈಯಲ್ಲೇ ಇತ್ತು. ಮತ್ತೆ ಕರೆದಳು. ಅರಾಲಿ ಮತ್ತೆ ಓಗೊಟ್ಟ.

"ಅಣ್ಣಾ!" ಎಂದು ಅಜ್ಜಿ ಎದೆಗೆ ಕೈಯಿಟ್ಟಳು. "ಸತ್ತಮೇಲೂ ಕರೆದ್ರೆ ಬರ್ತಾನಲ್ರೋ!"

ಕಬೊನೇಸ ಯೋಚಿಸಿದಳು. ಸಂತೆಯಲ್ಲಿ ನಿಂತು "ಅರಾಲೀ" ಎಂದು ಕೂಗಿದರೆ ಏನಾಗುತ್ತದೆ? ಕಾಲು ಸಂತೆ ತಿರುಗಿ ನೋಡುತ್ತದೆ.

"ಅಜ್ಜಿ," ಎಂದಳು, "ಈ ಮನೇಲಿ ಇನ್ನೊಬ್ಬ ಅರಾಲಿ ಇದಾನೆ!"

ಮೂವರೂ ಕಿತ್ತ ತಂತಿಯ ಬೆನ್ನು ಹತ್ತಿದರು. ಅದು ಗೋಡೆಗುಂಟ ಹೋಗಿ, ಬಾಗಿಲ ಮೇಲಿಂದ ಇಳಿದು, ಅಜ್ಜಿಯ ಅಡುಗೆಕೋಣೆಯನ್ನು ಹೊಕ್ಕಿತು. ಅಲ್ಲಿ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದ ಒಂದು ಮಣೆ. ಅದರ ಮೇಲೆ ರಾಗಿ ಅಂಬಲಿಯ ಗಡಿಗೆ.

"ಅದನ್ನ ಮುಟ್ಬೇಡಿ, ಅಂಬಲಿ ಹುಳಿ ಬರ್ತಿದೆ," ಎಂದಳು ಅಜ್ಜಿ. "ಒಳ್ಳೇ ಬೆಚ್ಚಗಿರೋ ಮಣೆ ಅದು. ನಾನು ಕೆಲಸಕ್ಕೆ ಸೇರ್ದಾಗ್ಲಿಂದ ಇದೆ."

ಕಬೊನೇಸ ಬಟ್ಟೆ ಎತ್ತಿದಳು. ಮಣೆಗೆ ಹಸಿರು ಕಣ್ಣಿತ್ತು. ಅದು ಮಿಟುಕಿಸಿತು.

ನಗು ಎಲ್ಲಿಂದ ಶುರುವಾಯಿತೋ ತಿಳಿಯದು. ಟಿಂಕಸೀಮಿರೆ ಬಾಗಿಲಿಗೆ ಒರಗಿ ಜಾರಿ ನೆಲಕ್ಕೆ ಕೂತ. ಇಷ್ಟು ವರ್ಷ ರೇಡಿಯೊ ಕೇಂದ್ರದ ಯಂತ್ರವೊಂದು ಹಳೆಯ ಹಂದಿ ಜಾಹೀರಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಂಬಲಿ ಹುಳಿ ಬರಿಸುತ್ತಿತ್ತು! ಗದ್ದಲ ಕೇಳಿ ಬಂದ ರುಸೋಕೆ ಮಾತ್ರ, "ಕಿತ್ತು ಬಿಸಾಕು ಅದನ್ನ!" ಎಂದ.

"ಆಗಲ್ಲ, ಅಮೂಟಿ. ನೋಡಿ, ಇದರ ಇನ್ನೊಂದು ತಂತಿ ಕಿಟಕಿಯಿಂದ ಹೊರಗೆ ಹೋಗಿ ಕಂಬ ಹತ್ತಿದೆ. ಸ್ಟುಡಿಯೊದಲ್ಲಿ ಆಡೋ ಮಾತೆಲ್ಲ ಇದರ ಮೂಲಕಾನೇ ಊರಿಗೆ ಹೋಗ್ತಿರೋದು. ಇದನ್ನ ಕಿತ್ತರೆ ನಾವೆಲ್ಲ ಮೂಗರು."

"ಹಾಗಾದ್ರೆ ಹೆಸರು ಬದಲಾಯಿಸು."

"ಇದರ ಪಾಸ್‌ವರ್ಡು ಯಾರಿಗೂ ಗೊತ್ತಿಲ್ಲ."

"ಹೊಸದರ ಹೆಸರು ಬದಲಾಯಿಸು ಮತ್ತೆ!"

ಅಜ್ಜಿ ಸೌಟು ಎತ್ತಿದಳು. "ಯಾರ್ರೀ ಬದಲಾಯಿಸೋರು? ಮುದ್ದೆ ತಿಂದಾಗಿದೆ. ನೀವೂ ತಿಂದಿದೀರಿ, ಅಮೂಟಿ, ಮೀನಿನ ದೊಡ್ಡ ತುಂಡೇ ನಿಮ್ಮ ಬಾಯಿಗೆ ಬಿತ್ತು. ಇಟ್ಟ ಎಂಪಾಕೊ ಇಟ್ಟದ್ದೇ."

ರುಸೋಕೆ ಗಡಿಯಾರ ತೋರಿಸಿದ. ಗಂಟೆ ಮೂರೂವರೆ ದಾಟಿತ್ತು. ಹನ್ನೆರಡು ಹೆಸರಿನಲ್ಲಿ ಇಡೀ ನಾಡು ನಡೆಯುತ್ತದೆ, ಎರಡು ಪೆಟ್ಟಿಗೆ ನಡೆಯುವುದಿಲ್ಲವೇ ಎಂದು ಕಬೊನೇಸಳಿಗೆ ಅಳು ಬರುವಂತಾಯಿತು. ಹಾಗಿದ್ದರೆ ನಾಡು ಹೇಗೆ ನಡೆಯುತ್ತದೆ?

"ಅಜ್ಜಿ, ಒಂದೇ ಮನೇಲಿ ಇಬ್ಬರು ಅರಾಲಿ ಇದ್ರೆ ಏನು ಮಾಡ್ತೀರಿ?"

"ಯಾವ ಅರಾಲಿ ಅಂತ ಕೇಳ್ತೀವಿ. ಅವನು ತನ್ನ ಸ್ವಂತ ಹೆಸರು ಹೇಳ್ತಾನೆ. ಅದೇನು ಕಷ್ಟ?"

ಹೇಳಿ ಮುಗಿಸುವಷ್ಟರಲ್ಲಿ ಅಜ್ಜಿಯ ಮುಖವೇ ಬದಲಾಯಿತು. ಸೌಟು ಕೆಳಗಿಟ್ಟಳು. "ಒಂದೇ ಮನೆ. ಒಂದೇ ಹೊಕ್ಕುಳಬಳ್ಳಿ. ಒಬ್ಬನ್ನ ಕರೆದ್ರೆ ಇಬ್ಬರೂ ಓಗೊಡ್ತಾರೆ. ಅಯ್ಯೋ ಮಂಕುಗಳಾ, ಇವು ಅವಳಿ ಕಣ್ರೋ! ಅವಳಿ!"

"ಒಬ್ಬ ಹುಟ್ಟಿ ಹತ್ತು ವರ್ಷ ಆದ್ಮೇಲೆ ಇನ್ನೊಬ್ಬನಾ?" ಎಂದ ಟಿಂಕಸೀಮಿರೆ ಕಣ್ಣೊರೆಸಿಕೊಳ್ಳುತ್ತ. "ಆ ತಾಯಿಗೆ ಎಂಥಾ ಹೆರಿಗೆ ಅಜ್ಜಿ!"

"ಬಾಯ್ಮುಚ್ಚೋ. ಅವಳಿ ಆದಮೇಲೆ ಹುಟ್ಟಿದೋಳು ನಾನು, ಅದಕ್ಕೇ ನನ್ನ ಹೆಸರು ಕೀಜಾ. ನನಗೆ ಹೇಳ್ಕೊಡ್ತೀಯಾ? ಗಂಡು ಅವಳೀಲಿ ಮೊದಲನೇದು ಇಸಿಂಗೋಮ, ಎರಡನೇದು ಕಾಟೊ. ಯಾರನ್ನೂ ಕೇಳೋ ಹಾಗೇ ಇಲ್ಲ, ಹುಟ್ಟುತ್ತಾನೇ ಬರೋ ಹೆಸರು. ಈ ಮಣೆ ಇಸಿಂಗೋಮ. ನಿನ್ನ ಮಗು ಕಾಟೊ. ಇಬ್ಬರೂ ಅರಾಲಿ. ಬರಿಯೇ!"

ಕಬೊನೇಸ ಓಡಿದಳು. ಹೊಸ ಸರ್ವರಿಗೆ ಸ್ವಂತ ಹೆಸರು ಕಾಟೊ ಎಂದು ಬರೆದಳು. ಸ್ಟುಡಿಯೊದ ಯಂತ್ರಕ್ಕೂ ಹಾಗೇ ಕಲಿಸಿದಳು. ಅಕ್ಷರ ತಪ್ಪಿದೆಯೇ ನೋಡಿದಳು. ಮತ್ತೆ ನೋಡಿದಳು. ಸರ್ವರನ್ನು ಆರಿಸಿ ಹೊತ್ತಿಸಿದಳು. ಹಸಿರು ಕಣ್ಣು ಮೆಲ್ಲಗೆ ತೆರೆಯಿತು. ಅಡುಗೆಕೋಣೆಯಿಂದ ಅಜ್ಜಿ ಅವಳಿ ಹುಟ್ಟಿದಾಗ ಹಾಡುವ ಹಾಡು ಎತ್ತಿದ್ದಳು. ಅದರ ಸಾಲುಗಳನ್ನು ಇಲ್ಲಿ ಬರೆಯಲು ಮರ್ಯಾದೆ ಬಿಡುವುದಿಲ್ಲ.

ನಾಲ್ಕಕ್ಕೆ ಟಿಂಕಸೀಮಿರೆ ಗುಂಡಿ ಒತ್ತಿದ. ಕೊಳಲು ಬಂತು. ಮತ್ತೊಂದು ಒತ್ತಿದ. ಡೋಲು ಬಂತು. ಹಂದಿ ಬರಲಿಲ್ಲ.

"ನಮಸ್ಕಾರ ಟೋರೊ!" ಎಂದು ಅವನು ಮೈಕಿಗೆ ಗುಡುಗಿದ. "ಇವತ್ತಿನ ಮೊದಲ ನಮಸ್ಕಾರ ನಮ್ಮ ಮನೇಲಿ ಹುಟ್ಟಿರೋ ಇಬ್ಬರು ಅರಾಲಿಗಳಿಗೆ. ಮತ್ತೆ ಅವರ ತಾಯಿಗೆ, ಅವಳಿ ಹೆತ್ತ ಮಹಾತಾಯಿ, ನಮ್ಮ ಪ್ರಕಟಣೆ ಬರೆಯೋ ಕಬೊನೇಸ ಅಬ್ವೋಲಿಗೆ!"

ಕಬೊನೇಸ ಗಾಜಿನಾಚೆಯಿಂದ ಎರಡೂ ಕೈ ಬೀಸಿ ಬೇಡ ಬೇಡ ಎಂದಳು. ತಡವಾಗಿತ್ತು. ಮದುವೆಯಾಗದ ಹುಡುಗಿ ಅವಳಿ ಹೆತ್ತ ಸುದ್ದಿ ಚಹಾ ತೋಟ, ಸಂತೆ, ಬಸ್ ನಿಲ್ದಾಣವನ್ನೆಲ್ಲ ಮುಟ್ಟಿಯಾಗಿತ್ತು. ಮೊದಲ ಫೋನು ಅವಳ ಸೋದರತ್ತೆಯದು. "ಬೆಳಿಗ್ಗೆ ನೆಟ್ಟಗಿದ್ಯಲ್ಲೇ! ಯಾವಾಗ ಆಯ್ತು? ಅಪ್ಪ ಯಾರು?"

"ಅತ್ತೆ, ಅದು ಕಂಪ್ಯೂಟರು!"

"ಯಾವ ಊರಿನೋನು?"

ರುಸೋಕೆ ಕೊನೆಗೂ ನಕ್ಕ. ಎಷ್ಟು ನಕ್ಕನೆಂದರೆ ಕೈಯಲ್ಲಿದ್ದ ಫೋನನ್ನು ಕಂಪಾಲಾಗೆ ಹಚ್ಚುವ ಬದಲು ಸ್ಟುಡಿಯೊಗೆ ಹಚ್ಚಿ, ತನ್ನ ಹೆಂಡತಿಗೊಂದು ನಮಸ್ಕಾರ ಹೇಳಿಸಿದ. ಕಾರ್ಯಕ್ರಮ ನಿಲ್ಲಿಸುವ ಮಾತನ್ನು ಅವನು ಆಮೇಲೆ ಎತ್ತಲಿಲ್ಲ.

ಒಂದು ಮಾತ್ರ ಉಳಿದಿದೆ. ಆ ಹಳೆಯ ಪೆಟ್ಟಿಗೆಯನ್ನು ಅಡುಗೆಕೋಣೆಯಲ್ಲಿ ಇಟ್ಟವರು ಯಾರು, ಅದಕ್ಕೂ ಅರಾಲಿ ಎಂದೇ ಹೆಸರು ಕೊಟ್ಟವರು ಯಾರು? ಕಬೊನೇಸ ಕೆಲಸ ಬಿಟ್ಟುಹೋದವರನ್ನೂ ಹುಡುಕಿಕೊಂಡು ಹೋಗಿ ಕೇಳಿದಳು. ಒಬ್ಬರೂ ತಾನೆಂದು ಹೇಳಲಿಲ್ಲ. ಅಜ್ಜಿ ತನ್ನ ಅಣ್ಣನೇ ಎಂದು ಹೇಳುತ್ತಾಳೆ; ಆದರೆ ಅವನು ಕಂಪ್ಯೂಟರನ್ನು ಕಣ್ಣಿಂದ ಕಂಡವನಲ್ಲ. ಯಾರೆಂದು ಇಂದಿಗೂ ಗೊತ್ತಿಲ್ಲ.