ಎರಡು ಸೈಕಲ್ಲು, ಒಂದು ಗೀರು

ಹರಾಜು ಕಚೇರಿಯಲ್ಲಿ ಆಕೆಗೆ ಎರಡು ಹೆಸರು. ಎದುರಿಗೆ ಮೇಡಂ, ಬೆನ್ನ ಹಿಂದೆ ಭೂತಗನ್ನಡಿ. ಆಟಗಾರರ ಸಹಿ ಇರುವ ಚೆಂಡು, ಅಂಗಿ, ಬೂಟು ಏನೇ ಬರಲಿ, ಅಸಲಿಯೋ ನಕಲಿಯೋ ಎಂದು ಹೇಳಿ ಬೆಲೆ ಕಟ್ಟುವುದು ಆಕೆಯ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಳು. ನಕಲಿ ತಂದವರು ಆಕೆಯ ಮೇಜಿನ ಮುಂದೆ ಕೂರುವ ಹೊತ್ತಿಗೇ ಅರ್ಧ ಬೆವತಿರುತ್ತಿದ್ದರು.

ಆ ಬೆಳಿಗ್ಗೆ ಬಂದ ಮುದುಕ ಬೆವತಿರಲಿಲ್ಲ. ಮಗಳ ಜೊತೆ ಸೇರಿ, ಹಳೇ ಕಂಬಳಿ ಸುತ್ತಿದ ಸೈಕಲ್ಲನ್ನು ಎರಡು ಮಹಡಿ ಹತ್ತಿಸಿ ತಂದು, ಗೋಡೆಗೆ ಒರಗಿಸಿ, ಕಂಬಳಿ ಬಿಚ್ಚಿದ. ಹಸಿರು ಬಣ್ಣದ ರೇಸ್ ಸೈಕಲ್ಲು. ಮೇಲಿನ ಕೊಳವೆಯ ಮೇಲೆ ಕಪ್ಪು ಶಾಯಿಯಲ್ಲಿ ಹೆಸರಾಂತ ಸೈಕಲ್ ಚಾಂಪಿಯನ್ ಒಬ್ಬನ ಸಹಿ, ಅದರ ಕೆಳಗೆ ‘ನಮ್ಮ ಮೇಸ್ತ್ರಿಗೆ’ ಎಂಬ ಎರಡೇ ಪದ.

“ನಾನೇ ಆ ಮೇಸ್ತ್ರಿ. ಅವರ ತಂಡದ ಸೈಕಲ್ಲು ರಿಪೇರಿ ನಂದೇ ಆಗಿತ್ತು. ಬೆಟ್ಟದ ರೇಸ್ ಗೆದ್ದಿದ್ದು ಇದರಲ್ಲೇ,” ಎಂದ.

ಆ ರೇಸ್ ಗೆದ್ದ ಸೈಕಲ್ಲು ಎಲ್ಲಿದೆ ಎಂದು ಆಕೆಗೆ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ ಒಬ್ಬ ವ್ಯಾಪಾರಿ ತಂದಿದ್ದ ಅದಕ್ಕೆ ಪ್ರಮಾಣಪತ್ರ ಬರೆದವಳು ಆಕೆಯೇ. ಹರಾಜಿನಲ್ಲಿ ಕೊಂಡವಳು ಚಾಂಪಿಯನ್ನನ ಅಕ್ಕ; ಆಗ ತಮ್ಮ ತೀರಿಕೊಂಡು ಎರಡು ತಿಂಗಳಷ್ಟೇ ಆಗಿತ್ತು. ಭೂತಗನ್ನಡಿಯ ಹೆಸರು ನಾಲ್ಕು ಜನರಿಗೆ ಗೊತ್ತಾದದ್ದೂ ಆ ಪತ್ರದಿಂದಲೇ.

“ನೋಡಿ ಯಜಮಾನ್ರೆ,” ಎಂದಳು, ದನಿ ಬೇಕೆಂದೇ ಒರಟು ಮಾಡಿ. “ಗೆದ್ದ ದಿನದ ಫೋಟೋ ಪೇಪರಿನಲ್ಲಿ ಬಂದಿತ್ತು. ಅದರಲ್ಲಿ ಮುಂಚಕ್ರ ಹಿಡಿದಿರೋ ಫೋರ್ಕಿನ ಎಡಗಾಲಿನ ಮೇಲೆ ಉದ್ದ ಗೀರು ಇದೆ. ನಿಮ್ಮದರಲ್ಲಿ ಅದು ಬಲಗಾಲಿಗಿದೆ. ಯಾರೋ ನಿಮಗೆ ಟೋಪಿ ಹಾಕಿದಾರೆ.”

ಮಗಳು ತಲೆ ತಗ್ಗಿಸಿದಳು. ಮುದುಕ ತಗ್ಗಿಸಲಿಲ್ಲ. “ಬಲಗಡೆ ಇರ್ಲೇಬೇಕಲ್ಲಮ್ಮಾ. ಇಳಿಜಾರಿನ ತಿರುವಿನಲ್ಲಿ ಬಲಗಡೆ ಗೋಡೆ. ಅದಕ್ಕೆ ಉಜ್ಜಿದ್ದನ್ನ ನಾನು ಹಿಂದಿನ ಜೀಪಿನಿಂದ ಕಣ್ಣಾರೆ ಕಂಡೆ. ಎಲ್ಲಿ, ಆ ಫೋಟೋ ಕೊಡಿ.”

ಆಕೆ ಕಡತದಿಂದ ತೆಗೆದುಕೊಟ್ಟಳು. ಚಾಂಪಿಯನ್ ನೇರ ಎದುರಿನಿಂದ ಬರುತ್ತಿದ್ದ ಫೋಟೋ. ಎದೆಯ ಮೇಲಿನ ಅಕ್ಷರಗಳನ್ನೆಲ್ಲ ಕೆಸರು ಮುಚ್ಚಿತ್ತು. ಮುದುಕ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ.

“ವಾಚು ಯಾವ ಕೈಯಲ್ಲಿದೆ ಇದರಲ್ಲಿ?”

“ಬಲಗೈಯಲ್ಲಿ.”

“ಅವರು ಹುಟ್ಟಿದಾಗಿನಿಂದ ಬಲಗೈಗೆ ವಾಚು ಕಟ್ಟಿದವರಲ್ಲ. ಇದನ್ನ ಎಡ ಬಲ ಅದಲುಬದಲಾಗಿ ಅಚ್ಚು ಹಾಕಿದಾರೆ.”

ಆಕೆ ಕುರ್ಚಿ ಬಿಟ್ಟೆದ್ದಳು. ಸೈಕಲ್ಲನ್ನು ದೀಪದ ಕೆಳಗೆ ತಂದು, ಮಸೂರ ಹಿಡಿದು ಸಹಿಯ ಮೇಲೆ ಬಾಗಿದಳು. ಶಾಯಿಯ ಮೇಲೆ ವಾರ್ನಿಷ್ ಬಳಿದಿದ್ದರು. ವಾರ್ನಿಷ್ ಒಣಗಿ ಬಿಟ್ಟ ಕೂದಲೆಳೆಯಂಥ ಬಿರುಕುಗಳು ಅಕ್ಷರಗಳ ಮೇಲಿಂದಲೇ ಹಾದುಹೋಗಿದ್ದವು. ಬಿರುಕಿನೊಳಗೆ ಒಂದು ಹನಿ ಶಾಯಿಯೂ ಇಳಿದಿರಲಿಲ್ಲ. ಸಹಿ ಮೊದಲು, ವಾರ್ನಿಷ್ ಆಮೇಲೆ, ಬಿರುಕು ಅದಕ್ಕೂ ಎಷ್ಟೋ ವರ್ಷ ಆಮೇಲೆ.

“ಇಷ್ಟು ದಿನ ಯಾಕೆ ಸುಮ್ಮನಿದ್ರಿ?”

“ರೇಸ್ ಆದ್ಮೇಲೆ ಸೈಕಲ್ಲು ಅದನ್ನ ಕೊಟ್ಟ ಕಂಪನಿಗೆ ವಾಪಸು ಹೋಗಬೇಕಿತ್ತು. ನಮ್ಮ ಚಾಂಪಿಯನ್ ಸಹಿ ಹಾಕಿ ನನ್ನ ಕೈಗಿಟ್ರು, ನಾನು ಅಟ್ಟದ ಮೇಲಿಟ್ಟೆ. ಕಳ್ಳ ಅಂತಾರೆ ಅಂತ ಹೆದರಿ ಬಾಯಿಗೆ ಬೀಗ ಹಾಕ್ಕೊಂಡೆ. ಬೇರೆ ಸೈಕಲ್ಲು ಹರಾಜಾದಾಗಲೂ ಮಾತಾಡಲಿಲ್ಲ. ಈಗ ಆ ಕಂಪನಿಯೇ ಇಲ್ಲ. ನಾನು ಮಗಳ ಮನೆಗೆ ಹೋಗ್ತಿದೀನಿ, ಅಲ್ಲಿ ಇದಕ್ಕೆ ಜಾಗ ಇಲ್ಲ.”

ಮಧ್ಯಾಹ್ನ ಆಕೆ ಊಟ ಬಿಟ್ಟು, ಆ ಫೋಟೋ ಅಚ್ಚಾಗಿದ್ದ ಪತ್ರಿಕೆಯ ಕಚೇರಿಗೆ ಹೋದಳು. ಹಳೆಯ ನೆಗೆಟಿವ್‌ಗಳನ್ನು ತಗಡಿನ ಡಬ್ಬಿಗಳಲ್ಲಿ ಇಟ್ಟಿದ್ದರು. ನೆಲಮಾಳಿಗೆಯ ಗುಮಾಸ್ತ ಸೀನುತ್ತಾ ಒಂದು ಡಬ್ಬಿ ಹುಡುಕಿಕೊಟ್ಟ. ಆಕೆ ಫಿಲ್ಮಿನ ಪಟ್ಟಿಯನ್ನು ಅದರ ಅಂಚಿನ ಅಂಕಿಗಳು ಎಡಬಲವಾಗದೆ ಸರಿಯಾಗಿ ಕಾಣುವಂತೆ ಕಿಟಕಿಯ ಬೆಳಕಿಗೆ ಹಿಡಿದಳು. ವಾಚು ಎಡಗೈಯಲ್ಲಿತ್ತು. ಗೀರು ಫೋರ್ಕಿನ ಬಲಗಾಲಿನ ಮೇಲಿತ್ತು.

ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. ಆ ವ್ಯಾಪಾರಿ ಪೇಪರಿನ ಫೋಟೋ ನೋಡಿ, ಚಾಂಪಿಯನ್ ಸಹಿ ಇದ್ದ ಅದೇ ಜಾತಿಯ ಬೇರೊಂದು ಸೈಕಲ್ಲಿಗೆ ಗೀರು ಕೊರೆದಿದ್ದ. ಫೋಟೋ ಮಾಡಿದ ತಪ್ಪನ್ನೇ ಅವನೂ ಮಾಡಿದ್ದ. ಅದೇ ಫೋಟೋ ಹಿಡಿದುಕೊಂಡು ಆಕೆ ಅದನ್ನು ಸರಿ ಎಂದಿದ್ದಳು. ತನ್ನ ಬೆನ್ನು ತನಗೆ ಕಾಣದು ಎಂಬುದು ಸುಳ್ಳಲ್ಲ.

ಆದರೆ ಆಕೆಯನ್ನು ಕೊರೆದದ್ದು ಫೋಟೋ ಅಲ್ಲ. ಆ ಪ್ರಮಾಣಪತ್ರ ಬರೆಯುವಾಗ ಚಾಂಪಿಯನ್ ಇನ್ನೂ ಬದುಕಿದ್ದ. ಕಾಯಿಲೆ ಬಿದ್ದು ಹಾಸಿಗೆ ಹಿಡಿದಿದ್ದವನಿಗೆ ಆಕೆ ಫೋನ್ ಮಾಡಿದ್ದಳು. “ಸಹಿ ನಿಮ್ಮದೇನಾ ಸರ್?” ಎಂದು ಕೇಳಿದ್ದಳು. “ಹೌದು, ಯಾವುದೋ ಸಮಾರಂಭದಲ್ಲಿ ಹಾಕಿದ್ದೆ,” ಎಂದಿದ್ದ. ಸೈಕಲ್ಲೂ ನಿಮ್ಮದೇನಾ ಎಂದು ಕೇಳಲು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಆತನಿಗೆ ದಣಿವಾಗಿದೆ ಎಂದು ತನಗೆ ತಾನೇ ಹೇಳಿಕೊಂಡು ಫೋನ್ ಇಟ್ಟಿದ್ದಳು. ಅಲ್ಲ ಎಂದುಬಿಟ್ಟರೆ ಎಂಬ ಅಳುಕು ಅದು, ಬೇರೇನೂ ಅಲ್ಲ.

ಹರಾಜು ಕಚೇರಿಯ ಯಜಮಾನರು ಎಲ್ಲ ಕೇಳಿ ಕುರ್ಚಿಯಲ್ಲಿ ಹಿಂದಕ್ಕೆ ವಾಲಿದರು. “ಅಲ್ರೀ ಮೇಡಂ, ಹೂತಿದ್ದನ್ನ ಯಾಕೆ ಅಗೀತೀರಿ? ತಂಡದಲ್ಲಿ ಎರಡು ಮೂರು ಸೈಕಲ್ಲು ಇದ್ದವು, ಇದೂ ಅದರಲ್ಲೊಂದು ಅಂತ ಬರೀರಿ. ಮುದುಕನಿಗೂ ಒಂದು ಬೆಲೆ ಸಿಗುತ್ತೆ. ಆ ಸೈಕಲ್ಲು ಕೊಂಡ ಆಯಮ್ಮನೂ ನೆಮ್ಮದಿಯಾಗಿರ್ತಾಳೆ.”

“ನಾನೂ ನೆಮ್ಮದಿಯಾಗಿರ್ತೀನಿ,” ಎಂದಳು ಆಕೆ. “ಅದಕ್ಕೇ ಬರೆಯೋದಕ್ಕೆ ಆಗ್ತಿಲ್ಲ.”

“ಹಾಗಾದ್ರೆ ನಿಮ್ಮ ಸಹಿ ಇನ್ಮುಂದೆ ಯಾವ ಪತ್ರದ ಮೇಲೂ ನಡೆಯಲ್ಲ. ಅಷ್ಟು ತಿಳ್ಕೊಳ್ಳಿ.”

ಆಕೆ ಹೊಸ ಪತ್ರವನ್ನು ಎರಡು ಸಲ ಹರಿದು ಮೂರನೇ ಸಲ ಬರೆದಳು. ಮೊದಲ ಸಾಲು: ಒಂಬತ್ತು ವರ್ಷದ ಹಿಂದೆ ನಾನು ಕೊಟ್ಟ ಪ್ರಮಾಣಪತ್ರ ತಪ್ಪು.

ಅಂಚೆಗೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲು ಮನಸ್ಸು ಬರದೆ ಮರುದಿನ ತಾನೇ ಹೋದಳು. ಚಾಂಪಿಯನ್ನನ ಅಕ್ಕ ನಿವೃತ್ತ ನರ್ಸು, ಒಬ್ಬಳೇ ಇದ್ದಳು. ನಡುಮನೆಯ ಗೋಡೆಗೆ ಎರಡು ಕೊಕ್ಕೆ ಬಡಿದು ಸೈಕಲ್ಲು ತೂಗುಹಾಕಿದ್ದಳು. ಸರಪಳಿ ಎಣ್ಣೆಯಿಂದ ಮಿನುಗುತ್ತಿತ್ತು. ಟೀ ತರಲು ಹೊರಟ ಅಕ್ಕನನ್ನು ತಡೆದು, ಆಕೆ ನಿಂತೇ ಎಲ್ಲವನ್ನೂ ಹೇಳಿದಳು. ಕೇಳದೆ ಬಿಟ್ಟ ಆ ಪ್ರಶ್ನೆಯನ್ನೂ ಮುಚ್ಚಿಡಲಿಲ್ಲ.

ಅಕ್ಕ ಗೋಡೆಯ ಸೈಕಲ್ಲಿನ ಕಡೆ ಮುಖ ಮಾಡಿ ಕೂತಳು.

“ಅವನು ಹೋಗಿ ಮೂರನೇ ತಿಂಗಳಿಗೆ ಇದು ಮನೆಗೆ ಬಂತು. ದಿನಾ ಬೆಳಿಗ್ಗೆ ಎದ್ದು ಇದರ ಹ್ಯಾಂಡಲ್ ಮುಟ್ಟಿ ಆಮೇಲೆ ಮುಖ ತೊಳೀತಿದ್ದೆ. ಅವನ ಅಂಗೈ ಇದ್ದ ಜಾಗ ಅಂತ. ಯಾರ ಅಂಗೈ ಮುಟ್ಟಿದ್ನೋ ಇಷ್ಟು ವರ್ಷ.”

“ಸಹಿ ಅವರದೇ,” ಎಂದಳು ಆಕೆ. ಹೇಳಿದ ಮೇಲೆ ಆ ಮಾತು ಎಷ್ಟು ಸಣ್ಣದೆಂದು ಆಕೆಗೇ ತಿಳಿಯಿತು.

“ಸಹಿ ಅವನು ಹಾಲಿನ ಬಿಲ್ಲಿಗೂ ಹಾಕ್ತಿದ್ದ ಕಣಮ್ಮ.” ಅಕ್ಕ ಎದ್ದು ಬಾಗಿಲ ಕಡೆ ನಡೆದಳು. “ನೀವು ಬಂದು ಹೇಳಿದ್ದು ಒಳ್ಳೇದಾಯ್ತು ಅಂತ ನನ್ನ ಬಾಯಲ್ಲಿ ಬರಲ್ಲ. ಬರಬೇಕಿತ್ತು, ಬರ್ತಿಲ್ಲ. ಹೋಗಿ ಬನ್ನಿ.”

ಕಚೇರಿ ಅಕ್ಕನಿಗೆ ಅವಳು ಕೊಟ್ಟ ಹಣವನ್ನೆಲ್ಲ ಹಿಂದಿರುಗಿಸಿ ನಕಲಿ ಸೈಕಲ್ಲನ್ನು ಒಯ್ದಿತು. ಭೂತಗನ್ನಡಿಯನ್ನು ಹಿಂದಿನ ಕೋಣೆಗೆ, ಹಳೇ ಗೋಡೆ ಗಡಿಯಾರಗಳ ಪಟ್ಟಿ ಮಾಡಲು ಹಾಕಿದರು. ಅಸಲಿ ಸೈಕಲ್ಲಿಗೆ ಹೊರಗಿನಿಂದ ಬೇರೊಬ್ಬ ಪರೀಕ್ಷಕನನ್ನು ಕರೆಸಿದರು. ಅವನೂ ಆಕೆ ಹೇಳಿದ್ದನ್ನೇ ಹೇಳಿದ, ದುಪ್ಪಟ್ಟು ಶುಲ್ಕ ತಗೊಂಡು.

ಹರಾಜಿನ ಹಿಂದಿನ ದಿನ, ಜನ ಬಂದು ನೋಡಲು ಬಾಗಿಲು ತೆರೆದಿದ್ದಾಗ ಅಕ್ಕ ಬಂದಳು. ಭೂತಗನ್ನಡಿ ಬಾಗಿಲ ಮರೆಯಿಂದ ನೋಡಿದಳು. ಮೇಸ್ತ್ರಿ ಸೈಕಲ್ಲಿನ ಪಕ್ಕದಲ್ಲೇ ಇದ್ದವನು ಅಕ್ಕನ ಗುರುತು ಹಿಡಿದು ಎದ್ದು ನಿಂತ.

“ನಾನು ಆಗಲೇ ಬಾಯಿ ಬಿಟ್ಟಿದ್ರೆ ನಿಮಗೆ ಈ ಗತಿ ಬರ್ತಿರಲಿಲ್ಲ ತಾಯಿ,” ಎಂದ. “ಹ್ಯಾಂಡಲ್ ಮುಟ್ಟಿ. ಅದಕ್ಕೆ ಸುತ್ತಿದ ಟೇಪು ಸಹಿತ ಬದಲಾಯಿಸಿಲ್ಲ.”

ಅಕ್ಕ ಕೈ ಚಾಚಿದಳು. ಅರ್ಧಕ್ಕೇ ನಿಲ್ಲಿಸಿ, ಸೆರಗಿನೊಳಗೆ ಕೈ ಸೇರಿಸಿಕೊಂಡಳು.

“ಬೇಡ. ನಾಳೆ ಇದು ಯಾರ ಮನೆಗೋ ಹೋಗುತ್ತೆ. ಮತ್ತೆ ಅಭ್ಯಾಸ ಆಗೋದು ಬೇಡ.”

ಅವಳು ಹೋದ ಮೇಲೆ ಮುದುಕ ಕುರ್ಚಿಯಲ್ಲಿ ಕುಸಿದು ಕೂತ. ಭೂತಗನ್ನಡಿ ಹೊರಗೆ ಬಂದು ಅವನಿಗೆ ಒಂದು ಲೋಟ ನೀರು ಕೊಟ್ಟಳು. ಸ್ವಲ್ಪ ಹೊತ್ತಿಗೆ ಮಗಳು ಬಂದು ಅಪ್ಪನ ಕೈ ಹಿಡಿದು ಮೆಟ್ಟಿಲಿಳಿಸಿದಳು. ಆಕೆ ಖಾಲಿ ಲೋಟ ಎತ್ತಿಕೊಂಡು ಹಿಂದಿನ ಕೋಣೆಗೆ ಹೋದಳು.