ಹಾಲು ಕೊನೆಗೆ

ಸಾಕಮ್ಮ ಲೋಟದ ಟೀಯನ್ನು ದಾಸವಾಳದ ಬುಡಕ್ಕೆ ಸುರಿದೇಬಿಟ್ಟಳು. ಸಾವಿನ ಮನೆಯ ಅಂಗಳದಲ್ಲಿ ಕೂತಿದ್ದವರು ಅಳುವುದನ್ನೂ ಮರೆತು ಅವಳತ್ತ ತಿರುಗಿದರು.

"ಇದ್ನ ಟೀ ಅಂತ ತಂದೋರ್ಯಾರ್ಲಾ?"

ಸತ್ತವಳ ಮಗ ಕುಮಾರೇಶನ ಜೊತೆ ಮೂಕಂಡಪಲ್ಲಿಯ ಫ್ಯಾಕ್ಟರಿಯಲ್ಲಿ ದುಡಿಯುವ ತಿಲಕ್, ಕ್ಯಾನು ಹಿಡಿದುಕೊಂಡೇ ಪೆಚ್ಚಾದ. "ಸೂಡಾ ಇರುಕ್ಕುಮ್ಮಾ," ಅಂದ ತನ್ನ ತಮಿಳಿನಲ್ಲಿ.

"ಬಿಸಿ ಇದ್ಬುಟ್ರೆ ಟೀ ಆಗೋಯ್ತಾ? ಪಾತ್ರೆ ತೊಳ್ದಿರೋ ನೀರೂ ಬಿಸಿ ಇರ್ತೈತೆ. ನಮ್ಮಕ್ಕ ಅಂಜಿನಮ್ಮನ ಬಾಗ್ಲಾಗೆ ಬಂದೋರ್ಗೆ ಇಂಥದ್ನ ಕುಡ್ಸಿ ಅವಳ್ನ ಮಣ್ಣಿಗೆ ಕಳಿಸ್ತೀರಾ? ನಾಚ್ಕೆ ಆಗಲ್ವಾ?"

ಅಂಜಿನಮ್ಮ ಸಾಕಮ್ಮನ ಒಡಹುಟ್ಟಿದ ಅಕ್ಕನೇನಲ್ಲ, ವಾರಗಿತ್ತಿ. ಗಂಡನ ಅಣ್ಣನ ಹೆಂಡತಿ, ಪಕ್ಕದ ಮನೆಯವಳು. ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕಿ ಬಂದು ಜಗಲಿಯ ಮೇಲೆ ಕೂತವಳು ಗೋಡೆಗೆ ಒರಗಿದ ಹಾಗೇ ಹೋಗಿಬಿಟ್ಟಿದ್ದಳು. ಈಗ ಅದೇ ಜಗಲಿಯ ಮೇಲೆ ಹೂವಿನ ಹಾರ ಹಾಕಿಸಿಕೊಂಡು ಮಲಗಿದ್ದಳು. ಸಾನಮಾವಿನ ಕಾಡಿನಿಂದ ಆನೆ ಇಳಿದಾಗಲೆಲ್ಲ, ರಾಗಿ ಹೊಲ ಕಾದು ನಿದ್ದೆಗೆಟ್ಟ ಗಂಡಸರು ಬೆಳಗಾಗುತ್ತಲೇ ಬರುತ್ತಿದ್ದದ್ದು ಈ ಜಗಲಿಗೇ. ಅಂಜಿನಮ್ಮನ ಟೀ ಒಂದು ಲೋಟ ಒಳಗಿಳಿದರೆ ಮತ್ತೆ ಆನೆ ಓಡಿಸಿ ಬರುವಷ್ಟು ಕಸುವು ಬರುತ್ತಿತ್ತಂತೆ.

"ನಾನೇ ಕಾಯಿಸ್ತೀನಿ," ಅಂದಳು ಸಾಕಮ್ಮ.

ದಾಯಾದಿಗಳಲ್ಲಿ ಹಿರಿಯನಾದ ರಾಮಚಂದ್ರಪ್ಪ ಕೆಮ್ಮಿದ. "ಹೆಣ ಎತ್ತೋಗಂಟ ನಿಮ್ ಎರಡು ಮನೇಲೂ ಒಲೆ ಹಚ್ಚಂಗಿಲ್ಲ ಕಣಮ್ಮ. ಸೂತಕ."

"ಮನೇಲಿ ಹಚ್ಚಂಗಿಲ್ಲ, ಅಷ್ಟೇ ತಾನೆ ಭಾವ? ಹೊಂಗೆ ಮರಕ್ಕೆ ಯಾವ ಸೂತಕ?"

ಅವನು ಉತ್ತರ ಹುಡುಕುವಷ್ಟರಲ್ಲಿ ಮರದ ಕೆಳಗೆ ಮೂರು ಕಲ್ಲು ಕೂತಿದ್ದವು, ಸೌದೆಗೆ ಬೆಂಕಿಯೂ ಬಿದ್ದಿತ್ತು. ಸಾಕಮ್ಮನ ಬಾಯಿಗೆ ಎದುರಾಡಿ ಗೆದ್ದವಳು ಆ ಊರಲ್ಲಿ ಒಬ್ಬಳೇ ಇದ್ದಳು. ಅವಳೂ ಇವತ್ತು ಬಾಯಿ ಮುಚ್ಚಿ ಮಲಗಿದ್ದಳು.

ಅಂಜಿನಮ್ಮನ ಸೊಸೆ ಭಾನು ಅತ್ತತ್ತು ಊದಿದ ಕಣ್ಣಲ್ಲೇ ಹಾಲಿನ ತಂಬಿಗೆ ತಂದಳು. "ಚಿಕ್ಕತ್ತೆ, ಯಾರ್ ಥರ ಮಾಡ್ತೀರಾ? ನಿಮ್ ಥರಾನಾ, ನಮ್ಮತ್ತೆ ಥರಾನಾ?"

ಅಂಗಳದಲ್ಲಿದ್ದವರ ಕಿವಿಯೆಲ್ಲ ನೆಟ್ಟಗಾಯಿತು. ಆ ಜಗಳ ಗೊತ್ತಿಲ್ಲದವರು ಅಲ್ಲಿ ಯಾರಿದ್ದರು!

*

ವಾರಗಿತ್ತಿಯರಿಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುತ್ತಿದ್ದ ಕಾಲವೊಂದಿತ್ತು. ಮುದ್ದೆಗೆ ಜಗಳವಿಲ್ಲ, ಸಾರಿಗೆ ಜಗಳವಿಲ್ಲ. ಟೀಗೆ ಮಾತ್ರ ದಿನಾ ರಾಮಾಯಣ.

"ಪುಡಿ ನೀರಲ್ಲೇ ಕುದ್ದು ಕರ್ರಗಾಗ್ಬೇಕು ಕಣೇ ಸಾಕಿ. ಹಾಲು ಕೊನೆಗೆ. ಆಗ ನೋಡು, ಹೊಸ ಹೆಂಚಿನ ಬಣ್ಣ ಬತ್ತೈತೆ," ಎನ್ನುವಳು ಅಂಜಿನಮ್ಮ.

"ಮೇಲಿಂದ ಹಾಲು ಹುಯ್ಯೋಕೆ ಅದೇನು ಕಷಾಯಾನಾ? ಹಾಲು, ನೀರು, ಪುಡಿ, ಸಕ್ರೆ ಎಲ್ಲಾ ಒಟ್ಗೇ ಹಾಕಿ ಉಕ್ಕುಸ್ಬೇಕು," ಎನ್ನುವಳು ಸಾಕಮ್ಮ.

ಒಮ್ಮೆ ಯುಗಾದಿಗೆ ಡೆಂಕಣಿಕೋಟೆಯಿಂದ ಸಾಕಮ್ಮನ ತವರಿನವರು ಬಂದಿದ್ದರು. ಅವರ ಕಣ್ಣೆದುರಿಗೇ ಅಂಜಿನಮ್ಮ, ಸಾಕಮ್ಮ ಮಾಡಿದ್ದ ಟೀಯನ್ನು ಪಾತ್ರೆಸಮೇತ ಎತ್ತಿ ಹಸುವಿನ ಕಲಗಚ್ಚಿಗೆ ಸುರಿದಳು. ತವರಿನವರ ಮುಂದೆ! ಯಾವ ಹೆಣ್ಣು ತಡೆದುಕೊಂಡಾಳು? ಆ ವಾರವೇ ಒಲೆ ಬೇರೆಯಾಯಿತು, ಅಂಗಳದ ನಡುವೆ ಸೊಂಟದೆತ್ತರದ ಗೋಡೆ ಎದ್ದಿತು.

"ನಿನ್ ಥರ ಟೀ ನನ್ ಕೈಲಿ ಕಾಸಿದ್ರೆ ನಾನು ಸಾಕಮ್ಮನೇ ಅಲ್ಲ!"

"ಕಾಸ್ತೀಯ ಬಿಡೇ, ಒಂದಿನ. ನಾನೇ ಕುಡೀತೀನಿ," ಎಂದು ನಕ್ಕಿದ್ದಳು ಅಂಜಿನಮ್ಮ.

ಅಲ್ಲಿಂದ ಮುಂದೆ ದಿನಾ ಸಂಜೆ ಗೋಡೆಯ ಆಚೆಗೊಬ್ಬಳು, ಈಚೆಗೊಬ್ಬಳು. ಅವರವರ ಲೋಟ ಅವರವರ ಕೈಯಲ್ಲಿ. ಒಬ್ಬರ ಟೀಯನ್ನು ಒಬ್ಬರು ಬೈಯದೆ ಇಬ್ಬರಿಗೂ ಒಂದು ಗುಟುಕೂ ಇಳಿಯುತ್ತಿರಲಿಲ್ಲ. ಆದರೆ ಒಬ್ಬರ ಲೋಟವನ್ನು ಇನ್ನೊಬ್ಬರು ಮುಟ್ಟಲೂ ಇಲ್ಲ.

*

"ಹಾಲ್ನ ಈಗ್ಲೇ ಯಾಕ್ ತಂದೆ?" ಸಾಕಮ್ಮ ಭಾನುವನ್ನು ಗದರಿಸಿದಳು. "ಅತ್ಲಾಗಿಡು."

ಭಾನು ಬಾಯಿಗೆ ಸೆರಗು ಒತ್ತಿಕೊಂಡಳು.

ಸಾಕಮ್ಮನಿಗೆ ಆ ಟೀಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬೈಯುವುದಕ್ಕೆಂದೇ ಗೋಡೆಯ ಮೇಲಿಂದ ನೋಡಿ ನೋಡಿ ಕೈಗೆ ಬಂದಿತ್ತು. ಪುಡಿ ಎಷ್ಟು ಹಿಡಿ, ಬೆಂಕಿಯನ್ನು ಯಾವಾಗ ಹಿಂದಕ್ಕೆ ಎಳೆಯಬೇಕು, ಎಲ್ಲಾ ಗೊತ್ತಿತ್ತು. ಡಿಕಾಕ್ಷನ್ ಕುದ್ದು ಘಮಘಮ ಎದ್ದಿತು. ಹೊಗೆಯ ನೆಪದಲ್ಲಿ ಚೆನ್ನಾಗಿ ಅತ್ತಳು. ಲೋಟಗಳಿಗೆ ಡಿಕಾಕ್ಷನ್ ಸೋಸಿ, ಮೇಲೆ ಕಾಯಿಸಿದ ಹಾಲು ಹುಯ್ದು ಕೊಟ್ಟಳು.

ರಾಮಚಂದ್ರಪ್ಪ ಒಂದು ಗುಟುಕು ಕುಡಿದು ಜಗಲಿಯ ಕಡೆ ನೋಡಿದ. "ಅವಳ್ ಕೈದೇ," ಅಂದ.

ಸಾಕಮ್ಮನೂ ಒಂದು ಲೋಟ ಬಗ್ಗಿಸಿಕೊಂಡಳು. ಗೋಡೆ ಎದ್ದ ಮೇಲೆ ಆ ಟೀ ಬಾಯಿಗಿಟ್ಟದ್ದು ಇದೇ ಮೊದಲ ಸಲ.

"ಹೆಂಗೈತೆ ಚಿಕ್ಕವ್ವ?" ಎಂದ ಕುಮಾರೇಶ.

"ಕಷಾಯ," ಎಂದು ತಳದ ತನಕ ಕುಡಿದಳು.

ಹೊತ್ತು ಏರಿತ್ತು. ಹೆಣ ಎತ್ತುವ ಮುಂಚೆ ಬಾಯಿಗೆ ಹಾಲು ಬಿಡುವ ಶಾಸ್ತ್ರ. ಮಗ ಮೊದಲು. ಕುಮಾರೇಶ ಬಟ್ಟಲಿನಿಂದ ಚಮಚ ಎತ್ತಿದ.

"ತಡೀಲಾ!"

ಸಾಕಮ್ಮ ಪಾತ್ರೆಯ ತಳದಲ್ಲಿ ಉಳಿದಿದ್ದ ಡಿಕಾಕ್ಷನ್ ಹಿಡಿದು ಜಗಲಿ ಹತ್ತಿದಳು.

"ಬರೀ ಹಾಲು ಕಣಮ್ಮ, ಬಾಯಿಗೆ ಬಿಡೋದು," ಎಂದ ರಾಮಚಂದ್ರಪ್ಪ, ಅಷ್ಟೇನೂ ಜೋರಿಲ್ಲದೆ.

"ಅವಳು ಯಾವತ್ತು ಬರೀ ಹಾಲು ಕುಡಿದವ್ಳೆ ಭಾವ?"

ಸಾಕಮ್ಮ ಒಂದು ಚಮಚ ಡಿಕಾಕ್ಷನ್ನು ಊದಿ ಊದಿ ಆರಿಸಿ, ವಾರಗಿತ್ತಿಯ ತುಟಿಗಳ ನಡುವೆ ಬಿಟ್ಟಳು.

"ಕುಡಿಯಕ್ಕ. ನಾನೇ ಕಾಸಿದ್ದು. ನೀನೇ ಗೆದ್ದೆ ಹೋಗು."

ಆಮೇಲೆ ಕುಮಾರೇಶನಿಗೆ ಸನ್ನೆ ಮಾಡಿದಳು. ಅವನು ಅದರ ಮೇಲೆ ಹಾಲು ಬಿಟ್ಟ. ತುಂಬಿದ ಬಾಯಿಯ ಮೂಲೆಯಿಂದ ಒಂದು ಹನಿ ಗಲ್ಲಕ್ಕೆ ಇಳಿಯಿತು. ಸಾಕಮ್ಮ ಒರೆಸಲೆಂದು ಸೆರಗು ಹಿಡಿದು ಬಗ್ಗಿದವಳು ಹಾಗೇ ನಿಂತು ಅದನ್ನು ನೋಡಿದಳು. ಹೊಸ ಹೆಂಚಿನ ಬಣ್ಣವೇ ಬಂದಿತ್ತು.